ಜೂನ್ ಒಂದು, ಡಿಸೆಂಬರ್ ಇಪ್ಪತ್ತೈದು

ಹೊಳೆನರಸೀಪುರ
14 ಡಿಸೆಂಬರ್ 2025, ಭಾನುವಾರ

ಮಗಳೇ ಮಾನಸಾ,

ನಿನಗೂ ಸುನಿಲನಿಗೂ ನನ್ನ ಮೊಮ್ಮಗಳು ಪ್ರೇಕ್ಷಾಗೂ ಆಶೀರ್ವಾದ. ಹೋದ ಭಾನುವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದಂತೆ ಕೇಳಿಸಿತು. ಹಾಸನದ ಚಳಿ ನಿನಗೆ ಮೊದಲಿನಿಂದಲೂ ಆಗುವುದಿಲ್ಲ, ಮೆಣಸು ಜಜ್ಜಿ ಹಾಕಿ ಸಾರು ಮಾಡಿಕೊಂಡು ಬಿಸಿಬಿಸಿ ಕುಡಿ. ಪ್ರೇಕ್ಷಾಗೆ ಮುಂದಿನ ಹಲ್ಲು ಬಿದ್ದ ಕಡೆ ಹೊಸದು ಬಂತೇ? ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ಹೆಚ್ಚಿಲ್ಲ. ಊಟ ಸರಿಯಾಗಿ ಮಾಡುತ್ತಿದ್ದೇನೆ. ನೀನು ಪ್ರತಿ ವಾರ ಅದನ್ನೇ ಕೇಳುತ್ತೀಯ, ನಾನು ಆಯಿತು ಎನ್ನುತ್ತೇನೆ, ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿದುಹೋಗುತ್ತದೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಬಾಯಿಗೆ ಬಾರದ ಒಂದು ಮಾತು ಹನ್ನೊಂದು ತಿಂಗಳಿಂದ ನನ್ನ ಹತ್ತಿರ ಇದೆ. ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ಮೊದಲು ಬೇರೆಯದನ್ನೆಲ್ಲ ಹೇಳಿಬಿಡುತ್ತೇನೆ, ನಿನ್ನಿಂದ ಒಂದು ಉತ್ತರವೂ ಬೇಕಾಗಿದೆ.

ಅಂಗಡಿಗೆ ಹೊಸ ವರ್ಷದ ಕ್ಯಾಲೆಂಡರ್, ಡೈರಿ ಬಂದಿವೆ. ನಮ್ಮ ಪುಸ್ತಕದಂಗಡಿಗೆ ಶಾಲೆ ಶುರುವಾಗುವ ದಿನಗಳು ಬಿಟ್ಟರೆ ಇದೇ ಸುಗ್ಗಿ. ಯಾರು ಕೊಂಡರೂ ಅಲ್ಲೇ ನಿಂತು ಬಿಡಿಸಿ, ಭಾನುವಾರಕ್ಕೆ ಬಿದ್ದು ಹಾಳಾದ ರಜೆ ಎಷ್ಟು ಎಂದು ನೋಡುತ್ತಾರೆ, ನಾನೇ ಬೀಳಿಸಿದ ಹಾಗೆ ನನ್ನ ಮುಖ ನೋಡುತ್ತಾರೆ. ನಾನು ಮಾತ್ರ ಈ ವರ್ಷದ ಕ್ಯಾಲೆಂಡರಿನ ಕೊನೆಯ ಹಾಳೆ ತಿರುವಿದ ದಿನದಿಂದ ಇಪ್ಪತ್ತೈದನೆಯ ತಾರೀಕಿನ ಕಡೆ ಕಣ್ಣು ಹಾಯಿಸದೆ ಕೂರಲು ನೋಡುತ್ತಿದ್ದೇನೆ. ಕೂರಲು ಆಗುವುದಿಲ್ಲ. ಎದ್ದು ಬಸ್‌ಸ್ಟ್ಯಾಂಡಿನವರೆಗೆ ಹೋಗುತ್ತೇನೆ, ಹಾಸನದ ಬೋರ್ಡು ನೋಡುತ್ತೇನೆ, ವಾಪಸು ಬಂದು ಜೋಡಿಸಿದ ನೋಟ್‌ಬುಕ್ಕನ್ನೇ ಮತ್ತೆ ಜೋಡಿಸುತ್ತೇನೆ.

ಹೋದ ವರ್ಷ ನೀನು ಕ್ರಿಸ್‌ಮಸ್‌ಗೆ ಕರೆದಿದ್ದೆ. ಪ್ರೇಕ್ಷಾ ಚರ್ಚಿನ ನಾಟಕದಲ್ಲಿ ಕುರಿಮರಿಯ ವೇಷ ಹಾಕುತ್ತಾಳೆ, ಅಮ್ಮನನ್ನು ಕರೆದುಕೊಂಡು ಬನ್ನಿ ಎಂದಿದ್ದೆ. ನಿನ್ನ ಮದುವೆಯಾಗಿ ಎಂಟು ವರ್ಷವಾಗಿದ್ದರೂ ಕ್ರೈಸ್ತರ ಮನೆಯೆಂದು ನಾನು ನಿಮ್ಮ ಹೊಸಿಲು ತುಳಿದಿರಲಿಲ್ಲ, ನಿನ್ನ ಅಮ್ಮನನ್ನೂ ಕಳಿಸಿರಲಿಲ್ಲ. ನೀವು ಇಲ್ಲಿಗೆ ಬಂದಾಗ ಒಟ್ಟಿಗೆ ಉಣ್ಣುತ್ತಿದ್ದೆವು, ನಗುತ್ತಿದ್ದೆವು, ಅಷ್ಟೆ. ಬರುವುದಿಲ್ಲ ಎಂದು ನೇರವಾಗಿ ಹೇಳುವ ಧೈರ್ಯವೂ ನನಗಿರಲಿಲ್ಲ. ಅಷ್ಟರಲ್ಲಿ ಯಾರೋ ಮೊಬೈಲಿಗೆ ಒಂದು ವಿಡಿಯೊ ಕಳಿಸಿದರು. ಯೇಸು ಡಿಸೆಂಬರಿನಲ್ಲಿ ಹುಟ್ಟಲೇ ಇಲ್ಲ ಎನ್ನುವ ವಿಡಿಯೊ. ಅದನ್ನೇ ಹಿಡಿದುಕೊಂಡೆ. ಸುನಿಲನಿಗೆ ಫೋನು ಮಾಡಿ, ‘ನಿಮ್ಮ ಪುಸ್ತಕದಲ್ಲೇ ತಾರೀಕಿಲ್ವಂತಲ್ಲಪ್ಪ. ಅಂಥ ಚಳೀಲಿ ಕುರಿಯೋರು ರಾತ್ರಿ ಬಯಲಲ್ಲಿ ಹೆಂಗಿರ್ತಾರೆ? ಇಲ್ಲದ ತಾರೀಕಿಗೆ ನಾವ್ಯಾಕೆ ಬರಬೇಕು?’ ಎಂದೆ. ಪಾಪ, ಅವನು, ‘ತಾರೀಕು ಸುಳ್ಳಿರ್ಬೋದು ಮಾವ, ಊಟ ನಿಜ, ಬನ್ನಿ’ ಎಂದ. ಹಬ್ಬದ ದಿನ ಬೆಳಿಗ್ಗೆ ನೀನೇ ಫೋನು ಮಾಡಿದೆ. ಅಮ್ಮ ಒಲ್ಲೆ ಅಂತಾಳೆ ಎಂದು ನಾನು ಹೇಳಿದೆ. ಅದಾದ ಹದಿನೇಳನೆಯ ದಿನಕ್ಕೆ ಅವಳು ಲಿಂಗೈಕ್ಯಳಾದಳು. ಮಣ್ಣು ಮಾಡಿ ಬಂದ ಮೇಲೆ ನೀನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು, ‘ಅಮ್ಮಂಗೆ ನಮ್ಮನೆ ಬೇಡವಾಗಿತ್ತು ಅಪ್ಪ, ಅದೊಂದು ನಂಗೆ ನುಂಗಕ್ಕಾಗ್ತಿಲ್ಲ’ ಎಂದೆ. ನಾನು ಟೀ ಕುಡಿಯುತ್ತೀಯಾ ಎಂದು ಕೇಳಿದೆ.

ಆವತ್ತಿನಿಂದ ಆ ತಾರೀಕು ನನ್ನನ್ನು ಬಿಟ್ಟಿಲ್ಲ. ನಾನು ಹೇಳಿದ್ದು ಸರಿ ಎಂದಾದರೂ ಆದರೆ ಸ್ವಲ್ಪ ಸಮಾಧಾನ ಸಿಕ್ಕೀತೆಂದು ಓದಲು ಕೂತೆ. ಎಸ್ಸೆಸ್ಸೆಲ್ಸಿ ದಾಟದವನು, ನಿಧಾನವಾಗಿ ಓದಿದೆ. ಅವರ ಪುಸ್ತಕದಲ್ಲಿ ಯೇಸು ಹುಟ್ಟಿದ ತಾರೀಕು ಎಲ್ಲೂ ಬರೆದಿಲ್ಲ ಎನ್ನುವುದು ನಿಜ. ಹೆರೋದ ಎನ್ನುವ ರಾಜ ಬದುಕಿದ್ದಾಗ ಹುಟ್ಟಿದ ಎಂದು ಒಂದು ಕಡೆ ಇದೆ, ಜನಗಣತಿ ನಡೆದಾಗ ಹುಟ್ಟಿದ ಎಂದು ಇನ್ನೊಂದು ಕಡೆ ಇದೆ. ಆ ರಾಜ ಸತ್ತು ಹತ್ತು ವರ್ಷವಾದ ಮೇಲೆ ಆ ಗಣತಿ ಆಯಿತೆಂದು ಇತಿಹಾಸ ಓದಿದವರಲ್ಲಿ ಅನೇಕರು ಹೇಳುತ್ತಾರೆ. ಅಂದರೆ ಇಸವಿಯೇ ನಿಲ್ಲುವುದಿಲ್ಲ. ತಿಂಗಳಿಗೂ ಜಗಳವಿದೆ. ಕುರಿ ಈಯುವ ಕಾಲವಿರಬೇಕು ಎನ್ನುವವರಿದ್ದಾರೆ, ಸೆಪ್ಟೆಂಬರ್ ಎನ್ನುವವರಿದ್ದಾರೆ, ಜನವರಿ ಆರಕ್ಕೆ ಹಬ್ಬ ಮಾಡುವವರೂ ಇದ್ದಾರಂತೆ. ಇಪ್ಪತ್ತೈದು ಎಂದು ಗೊತ್ತುಮಾಡಿದ್ದು ಮುನ್ನೂರು ವರ್ಷ ಕಳೆದ ಮೇಲೆ. ರೋಮಿನವರ ಸೂರ್ಯನ ಹಬ್ಬದ ಜಾಗದಲ್ಲಿ ಕೂರಿಸಿದರು ಎಂದು ಒಬ್ಬರು ಬರೆದರೆ, ಹಾಗಲ್ಲ, ಮಾರ್ಚ್ ಇಪ್ಪತ್ತೈದಕ್ಕೆ ಗರ್ಭ ನಿಂತಿತೆಂದು ಹಿಡಿದು ಒಂಬತ್ತು ತಿಂಗಳು ಕೂಡಿಸಿದರು ಎಂದು ಇನ್ನೊಬ್ಬರು ಬರೆದಿದ್ದಾರೆ. ಶ್ರಾವಣದಲ್ಲಿ ನಿನ್ನ ಮಾವ ಚೌರಪ್ಪನವರು ಈ ಕಡೆ ಬಂದವರು ಅಂಗಡಿಗೆ ಬಂದಿದ್ದರಲ್ಲ, ಅವರನ್ನೂ ಕೇಳಿದೆ. ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರು ಬಾಳೆಹಣ್ಣು ಸುಲಿಯುತ್ತಾ, ‘ಗೊತ್ತಿಲ್ಲ ಕಣ್ರೀ ಬೀಗ್ರೇ. ನಮ್ ಫಾದರ್ರೂ ಗೊತ್ತಿಲ್ಲ ಅಂತ್ಲೇ ಹೇಳ್ತಾರೆ. ಅಂತ ಹಬ್ಬ ಬಿಡಕ್ಕಾಗ್ತದಾ?’ ಎಂದರು.

ಈಗ ಕಲ್ಲಿನ ವಿಷಯ. ಜನವರಿಯ ವರ್ಷದ ಪೂಜೆಯ ಹೊತ್ತಿಗೆ ಹಳೇಕೋಟೆಯಲ್ಲಿ ಅಮ್ಮನ ಸಮಾಧಿಯ ಮೇಲೆ ಹೆಸರಿನ ಕಲ್ಲು ನಿಲ್ಲಿಸಬೇಕೆಂದು ಅರಕಲಗೂಡಿನ ರುದ್ರೇಶನಿಗೆ ಹೇಳಿದ್ದೆ. ಕಲ್ಲಿನಲ್ಲಿ ಅಕ್ಷರ ಕೊರೆಯುವುದರಲ್ಲಿ ಅವನ ಕೈ ಚೆನ್ನಾಗಿದೆ. ಹೆಸರು ದಾಕ್ಷಾಯಣಮ್ಮ, ಕೆಳಗೆ ಜನನ, ಅದರ ಕೆಳಗೆ ಲಿಂಗೈಕ್ಯ. ಲಿಂಗೈಕ್ಯದ ತಾರೀಕು ಹೇಳಿದೆ. ಜನನಕ್ಕೆ ಆಧಾರ್ ಕಾರ್ಡಿನಲ್ಲಿದ್ದ 1-6-1960 ಹೇಳಿದೆ. ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನಕ್ಕುಬಿಟ್ಟ. ‘ನಮ್ ಶೆಡ್ಡಲ್ಲಿರೋ ಅರ್ಧ ಕಲ್ಲು ಜೂನ್ ಒಂದಕ್ಕೇ ಹುಟ್ಟಿರೋದು ಸಾ. ಆವತ್ತು ಸೂಲಗಿತ್ತೀರಿಗೆ ಬಲು ಕೆಲ್ಸ ಇತ್ತು ಅಂತ ಕಾಣ್ತದೆ’ ಎಂದ.

ಅದು ಹೇಗೆಂದು ನಿನ್ನ ಕಾಲದವರಿಗೆ ಗೊತ್ತಿಲ್ಲ. ಆಗ ಮಗುವನ್ನು ಶಾಲೆಗೆ ಕರೆದುಕೊಂಡು ಹೋದರೆ ಹೆಡ್‌ಮಾಸ್ಟರು ಹುಟ್ಟಿದ ದಿನ ಕೇಳುತ್ತಿರಲಿಲ್ಲ, ಕೇಳಿದರೂ ಹೇಳುವವರಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು. ಶಾಲೆ ತೆರೆಯುವ ಜೂನ್ ಒಂದನ್ನೇ ಹಿಡಿದು ಆರು ವರ್ಷ ಹಿಂದೆ ಬರೆದುಕೊಳ್ಳುತ್ತಿದ್ದರು. ತವರಾದ ಬಾಗೂರಿನಲ್ಲಿ ನಿನ್ನ ಅಮ್ಮನಿಗೂ ಹಾಗೇ ಆಯಿತು. ಅವಳ ಬೆರಳು ಕಿವಿಗೆ ಎಟಕುತ್ತಿರಲಿಲ್ಲವಂತೆ. ಕತ್ತು ವಾಲಿಸಿ ಮುಟ್ಟಿದಳಂತೆ. ಮೇಷ್ಟ್ರು ನೋಡಿಯೂ ನೋಡದವರಂತೆ ಬರೆದುಕೊಂಡರಂತೆ. ಅದನ್ನು ಹೇಳುವಾಗಲೆಲ್ಲ ಕತ್ತು ವಾಲಿಸಿ ತೋರಿಸುತ್ತಿದ್ದಳು, ನಿನಗೆ ನೆನಪಿರಬೇಕು. ಅದು ಸುಳ್ಳು ತಾರೀಕೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮೂವತ್ತು ವರ್ಷಕ್ಕೂ ಮೇಲೆ ಪ್ರತಿ ಜೂನ್ ಒಂದಕ್ಕೆ ಅಂಗಡಿಯಿಂದ ಬರುವಾಗ ನಾನು ಜಿಲೇಬಿ ತಂದಿದ್ದೇನೆ. ‘ಮೇಷ್ಟ್ರ ಪುಣ್ಯ’ ಎನ್ನುತ್ತಾ ತಿನ್ನುತ್ತಿದ್ದಳು. ಈ ವರ್ಷ ಜೂನ್ ಒಂದಕ್ಕೂ ಅಭ್ಯಾಸದಿಂದ ತಂದುಬಿಟ್ಟೆ. ಮೇಜಿನ ಮೇಲಿಟ್ಟೆ. ಮಾರನೆಯ ದಿನ ಇರುವೆ ಮುತ್ತಿದ್ದವು.

ರುದ್ರೇಶ ನಕ್ಕ ಮೇಲೆ ಆ ತಾರೀಕನ್ನು ಕಲ್ಲಿಗೆ ಹಾಕಿಸಲು ಮನಸ್ಸಾಗಲಿಲ್ಲ. ನಿಜವಾದದ್ದು ತರುತ್ತೇನೆ ಎಂದು ಹೇಳಿ, ಮೊನ್ನೆ ಗುರುವಾರ ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿಂದ ಬಾಗೂರಿನ ಬಸ್ಸು ಹಿಡಿದೆ. ಅಮ್ಮ ಹುಟ್ಟಿದ್ದನ್ನು ಕಂಡವರು ಇನ್ನು ಉಳಿದಿರುವುದು ಪಕ್ಕದ ಮನೆಯ ಬೆಟ್ಟಮ್ಮ ಒಬ್ಬರೇ. ಎಂಬತ್ತೈದಿರಬಹುದು, ಕಿವಿ ಮಂದ, ನಾಲಿಗೆ ಚುರುಕು. ಜಗಲಿಯ ಮೇಲೆ ಅವರೇಕಾಯಿ ಸುಲಿಯುತ್ತಾ ಕೂತಿದ್ದರು. ಸೊಸೆಯಾಗಿ ಬಂದ ವರ್ಷವೇ ಹೆರಿಗೆಗೆ ನೀರು ಕಾಯಿಸಿಕೊಟ್ಟವರಂತೆ. ‘ಕೂಸು ಬಿದ್ದ ದಿನ ನಿಮ್ಮತ್ತೆ ಒಲದಾಗೆ ಕುರಿ ಮಂದೆ ತರುಬಿದ್ರು ಕಣಪ್ಪ, ಗೊಬ್ರಕ್ಕೆ. ಅಳು ಕೇಳ್ಬುಟ್ಟು ಕುರಿಯೋರು ಬಾಗ್ಲಿಗ್ ಬಂದು ಒಂದ್ ಚೆಂಬು ಆಲು ಕೊಟ್ಟೋದ್ರು. ತಲೆ ಎಣ್ಸೋ ಮೇಷ್ಟ್ರು ಬಂದಾಗ ಕೂಸಿಗಿನ್ನೂ ಎಸ್ರಿಟ್ಟಿರ್ಲಿಲ್ಲ. ಎಣ್ಣು ಕೂಸು ಅಂತ ಬರ್ಕೊಂಡೋದ್ರು’ ಎಂದರು. ಜನಗಣತಿಯಾದದ್ದು ಅರವತ್ತೊಂದರ ಫೆಬ್ರವರಿಯಲ್ಲಿ. ಸಿಕ್ಕಿತು ಎಂದು ಡೈರಿ ತೆಗೆದೆ. ಅಷ್ಟರಲ್ಲಿ ಅಮ್ಮನ ದೊಡ್ಡಪ್ಪನ ಮಗ ಹುಚ್ಚಯ್ಯನವರು ಬಂದರು. ಕುರಿ ಮಂದೆ ಬಿಟ್ಟಿದ್ದು ಅವಳ ತಂಗಿ ಹುಟ್ಟಿದಾಗ, ದಾಕ್ಷಾಯಣಿ ಹುಟ್ಟಿದ್ದು ರಾಗಿ ಕೊಯ್ಲಿಗೂ ಮುಂಚೆ ಕಾರ್ತಿಕದಲ್ಲಿ ಎಂದು ಅವರ ವಾದ. ಬೆಟ್ಟಮ್ಮ ಅವರೇಕಾಯಿ ಸಿಪ್ಪೆ ಅವರ ಮೇಲೆ ಎಸೆದು, ‘ನೀನಾಗ ಚಡ್ಡಿ ಗುಂಡಿ ಆಕ್ಕೊಳಕ್ ಬರ್ದೋನು, ನಂಗೇಳ್ಕೊಡ್ತೀಯೇನ್ಲಾ’ ಎಂದರು. ಇಬ್ಬರೂ ನನ್ನನ್ನು ಮರೆತು ಅರ್ಧ ಗಂಟೆ ಜಗಳವಾಡಿದರು. ನಾನು ಡೈರಿ ಮುಚ್ಚಿ ಮಜ್ಜಿಗೆ ಕುಡಿದು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಕುರಿಯವರು, ಜನಗಣತಿ, ಹೆಸರಿಡದ ಕೂಸು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದಿರುವುದು. ಒಂದು ವರ್ಷದಿಂದ ನಾನು ಓದುತ್ತಿರುವುದೂ ಇದನ್ನೇ ಅಲ್ಲವೇ ಎನ್ನಿಸಿ ನಗು ಬಂತು. ಕಿಟಕಿಯ ಆಚೆ ರಾಗಿ ಕೊಯ್ದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದರು. ಒಬ್ಬ ಕಂಬಳಿ ಹಾಸಲು ಜಾಗ ನೋಡುತ್ತಿದ್ದ. ಆ ದೇಶದ ಚಳಿ ಹೇಗೋ ನಾನರಿಯೆ. ನಮ್ಮ ಕಡೆ ಡಿಸೆಂಬರಿನ ಚಳಿಯಲ್ಲೇ ಅವರು ಬಯಲಲ್ಲಿ ಮಲಗುತ್ತಾರೆ, ಹುಟ್ಟಿದಾಗಿನಿಂದ ನೋಡಿದ್ದೇನೆ. ಹಾಗಿದ್ದೂ ಸುನಿಲನಿಗೆ ಆ ಪ್ರಶ್ನೆ ಹಾಕಿದ್ದೆ. ಆಮೇಲೆ ನಗು ನಿಂತುಹೋಯಿತು.

ಅದಕ್ಕೇ ಕೇಳುತ್ತಿದ್ದೇನೆ. ಜೂನ್, ಫೆಬ್ರವರಿ, ಕಾರ್ತಿಕ, ಯಾವುದನ್ನು ಹಾಕಿಸಲಿ? ಏನೂ ಹಾಕಿಸದೆ ಬಿಟ್ಟರೂ ಆದೀತು. ನನಗೆ ತೀರ್ಮಾನಿಸಲು ಆಗುತ್ತಿಲ್ಲ, ಅದು ನನ್ನದಲ್ಲ ಎಂದೂ ಅನ್ನಿಸುತ್ತದೆ. ನೀನು ಹೇಳಿದ್ದನ್ನೇ ರುದ್ರೇಶನಿಗೆ ತಿಳಿಸುತ್ತೇನೆ. ಕತ್ತು ವಾಲಿಸಿ ಕಿವಿ ಮುಟ್ಟಿದವಳು ನಿನ್ನ ಯಾವ ಮಾತಿಗೂ ಬೇಡ ಎನ್ನುವವಳಲ್ಲ.

ಚೌರಪ್ಪನವರಿಗೂ ಬೀಗಿತ್ತಿಗೂ ನನ್ನ ಶರಣು ತಿಳಿಸು. ಪ್ರೇಕ್ಷಾಗೆ ಈ ವರ್ಷ ಯಾವ ವೇಷವೆಂದು ತಾತ ಕೇಳಿದರೆಂದು ಹೇಳು. ಬಸವಣ್ಣ ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಪರಮಶಿವಯ್ಯ

ಮ.ಬ.: ಮರೆತೆ ಎಂದು ಬರೆಯಲಾರೆ, ಮರೆತಿಲ್ಲ. ಅಮ್ಮ ಒಲ್ಲೆ ಅನ್ನಲಿಲ್ಲ ಮಾನಸಾ. ಆವತ್ತು ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ನೀನು ಕೊಡಿಸಿದ ಹಸಿರು ಸೀರೆ ಉಟ್ಟು, ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದಳು. ನಾನು ಅಂಗಡಿಯಿಂದ ನಿನಗೆ ಸುಳ್ಳು ಹೇಳಿದೆ. ಮನೆಗೆ ಬಂದು ಅವಳಿಗೆ, ಅವರ ಮನೆ ತುಂಬ ನೆಂಟರಂತೆ, ಮಾನಸಾ ಇವತ್ತು ಬೇಡ ಅಂದಳು ಎಂದೆ. ‘ಹೋಗ್ಲಿ ಬಿಡಿ, ಅವಳಿಗೂ ಕಷ್ಟ’ ಎಂದು ಸೀರೆ ಮಡಿಸಿಟ್ಟಳು. ಆಮೇಲೆ ನೀವಿಬ್ಬರೂ ಫೋನಿನಲ್ಲಿ ಮಾತಾಡುವಾಗ ಇಬ್ಬರೂ ಆ ವಿಷಯ ಎತ್ತಲಿಲ್ಲ. ನಾನು ಪಕ್ಕದಲ್ಲೇ ಕೂತು, ಎತ್ತದಿರಲಿ ಎಂದು ಕಾಯುತ್ತಿದ್ದೆ. ಆ ದಿನದ ಡೈರಿ ತೆಗೆದು ನೋಡಿದೆ. ‘ಮೋಡ. ಕ್ಯಾಲೆಂಡರ್ ಚೆನ್ನಾಗಿ ಹೋದವು’ ಎಂದಷ್ಟೇ ಬರೆದುಕೊಂಡಿದ್ದೇನೆ. ತಾರೀಕು ಮಾತ್ರ ಸರಿಯಾಗಿದೆ. ಆ ಚೀಲದಲ್ಲಿ ಅವಳು ಪ್ರೇಕ್ಷಾಗೆಂದು ತಂದಿಟ್ಟಿದ್ದ ಬಿಳಿ ಫ್ರಾಕು ಹಾಗೇ ಇದೆ. ಇದನ್ನು ಓದಿದ ಮೇಲೂ ಬಾ ಎಂದರೆ ಇಪ್ಪತ್ತೈದಕ್ಕೆ ಬೆಳಗಿನ ಬಸ್ಸಿಗೆ ತರುತ್ತೇನೆ. ಮಗುವಿಗೆ ಈಗ ಅದು ಚಿಕ್ಕದಾಗಿರುತ್ತದೆ.