ತಿರುಗಿ ಹೇಳದ ಮಾತು

ವಿಮಾನ ನಿಲ್ದಾಣದ ಮುಖ್ಯಾಧಿಕಾರಿಗಳಿಗೆ,

ನಾನು ರನ್‌ವೇ ಗುಡಿಸುವ ಗಾಡಿಯ ಚಾಲಕನ ಅಕ್ಕ. ಆ ಬೆಳಿಗ್ಗೆ ಕಂಟ್ರೋಲ್ ಟವರಿನವರು ಪೈಲಟ್‌ಗೆ, "ಮುಂದೆ ಗಾಡಿಯಿದೆ, ನಿಲ್ಲಿ" ಎಂದರು. ಕೇಳಿದ ಮಾತನ್ನು ಅಕ್ಷರಶಃ ತಿರುಗಿ ಹೇಳಬೇಕೆಂಬುದು ನಿಯಮ; ಪೈಲಟ್ ಹೇಳಲಿಲ್ಲ, ಟವರಿನವರೂ ಹೇಳಿಸಲಿಲ್ಲ. ವಿಮಾನ ಓಡಿತು. ಅದರ ರೆಕ್ಕೆ ಗಾಡಿಯನ್ನು ಸೀಳಿ ನನ್ನ ತಮ್ಮನ ತಲೆಯನ್ನು ಕತ್ತರಿಸಿತು. ನಿಮ್ಮ ವರದಿ ಇದನ್ನು "ಸಣ್ಣ ಸಂವಹನ ಲೋಪ" ಎನ್ನುತ್ತದೆ.

ಹನ್ನೊಂದು ವರ್ಷದ ಹಿಂದೆ ಇದೇ ಲೋಪಕ್ಕೆ ತಮ್ಮನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಸುಟ್ಟು ಕರಕಲಾದಾಗಲೂ ನಾನು ನಿಮ್ಮ ಕಚೇರಿಗೆ ಬರೆದಿದ್ದೆ. "ಪತ್ರ ತಲುಪಿದೆ" ಎಂಬ ಒಂದೇ ಸಾಲು ಬಂತು. ತಮ್ಮ ನಕ್ಕಿದ್ದ: "ತಲುಪಿದ್ರೆ ಏನ್ ಬಂತಕ್ಕಾ? ನಮ್ಮ ರನ್‌ವೇಲಿ ಹೇಳಿದ್ದನ್ನ ತಿರುಗಿ ಹೇಳೋವರೆಗೂ ಕೇಳಿಸ್ಕೊಂಡ ಹಾಗಲ್ಲ."

ಆದ್ದರಿಂದ ಒಂದೇ ಕೋರಿಕೆ. ಈ ಪತ್ರವನ್ನು ಪೂರ್ತಿಯಾಗಿ, "ಕತ್ತರಿಸಿತು" ಎಂಬ ಪದವನ್ನೂ ಬಿಡದೆ, ನಿಮ್ಮ ಕೈಯಾರೆ ಬರೆದು ನನಗೆ ಕಳಿಸಿ.

ಕಾಯುತ್ತಿರುವ,
ಅವನ ಅಕ್ಕ