ಹೆಬ್ಬೆರಳಿನ ಹೊಗೆ

ಲಾಂಡ್ರಿಯ ಮಹಡಿ
ಹದಿನಾಲ್ಕನೇ ತಾರೀಕು, ಮಂಗಳವಾರ

ನನ್ನ ಮುದ್ದಿನ ಮಗಳಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯ? ಊಟ ನಿದ್ದೆ ಸರಿಯಾಗಿದೆಯಾ? ಚಿಕ್ಕಂದಿನಲ್ಲಿ ನಿನ್ನ ಜೀವ ಹಿಂಡಿದ ಆ ಉಬ್ಬಸ ಮತ್ತೆ ತಲೆ ಎತ್ತಿಲ್ಲ ತಾನೇ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಪ್ಪಾ, ಡ್ಯೂಟೀಲಿದೀನಿ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಆಸ್ಪತ್ರೆ ಬಟ್ಟೆ ಒಯ್ಯುವ ವ್ಯಾನಿನ ಡ್ರೈವರ್ ಸಾಯಂಕಾಲ ನೀನಿರುವ ಊರಿಗೇ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಬರವಣಿಗೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಮಗಳು, ನಮ್ಮ ಕಡ್ಡಿ, ಸದ್ಯ ಆರಾಮಾಗಿದ್ದಾಳೆ. ಸದ್ಯ ಅಂತ ಯಾಕೆ ಬರೆದೆನೋ, ಆರಾಮಾಗೇ ಇದ್ದಾಳೆ. ಅವಳಿಗೂ ನಿನ್ನದೇ ಎದೆ ಬಂದಿದೆಯಲ್ಲ, ಅದೇ ಹೆದರಿಕೆ. ಕಾಡಿಗೆ ಬೆಂಕಿ ಬಿದ್ದು, ಉಪಗ್ರಹದಿಂದ ಹೊಗೆ ನೋಡುವ ನಿಮ್ಮ ಆಫೀಸಿನವರು ನಿನ್ನನ್ನು ಆ ಕಾಡಿನ ಪಕ್ಕದ ಊರಿಗೆ ಕರೆಸಿಕೊಂಡಾಗಿನಿಂದ, ದಿನಾ ಬೆಳಗ್ಗೆ ನೀನು ಕಳಿಸುವ ಉಪಗ್ರಹದ ಫೋಟೋ ನೋಡದೆ ಅವಳನ್ನು ಹೊಸ್ತಿಲು ದಾಟಿಸುವುದಿಲ್ಲ. ಇವತ್ತಿನದು ಇನ್ನೂ ಬಂದಿಲ್ಲ, ಯಾಕೆ? ಕಂದು ಬಣ್ಣ ಬಂದರೆ ಧೂಳು, ಕಿಟಕಿ ಮುಚ್ಚಿ ಒದ್ದೆ ಬಟ್ಟೆ ಕಟ್ಟಿದರೆ ಸಾಕು. ಬೂದು ಬಣ್ಣ ಬಂದರೆ ಹೊಗೆ, ಮಗುವನ್ನು ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೊರಟುಬಿಡಿ ಅಂತ ನೀನೇ ಅಂದಿದ್ದೆ. ಕೇಳುವಾಗ ಎಲ್ಲಾ ಸಲೀಸು. ನೋಡುವಾಗ ಕಂದೂ ಬೂದೂ ಒಂದರೊಳಗೊಂದು ಕಲಸಿಕೊಂಡಿರುತ್ತೆ, ಮೋಡ ಬೇರೆ. ಕಿಟಕಿ ಮುಚ್ಚಲೋ, ಬಸ್ಸಿಗೆ ಓಡಲೋ? ಮೊನ್ನೆ ಊರ ಮೇಲೆಲ್ಲ ತೆಳ್ಳಗೆ ಬೂದು ಇತ್ತು, ಒಣಹಾಕಿದ ಬೆಡ್‌ಶೀಟು ಮಾತ್ರ ಬೆಳ್ಳಗೇ. ಕೇಳಿದ್ದಕ್ಕೆ ನೀನು ‘ಹೊಗೆ ತುಂಬಾ ಮೇಲಿದೆ ಅಪ್ಪಾ, ಕೆಳಗಿಳಿದಿಲ್ಲ, ಫೋಟೋ ಮೇಲಿಂದ ತೆಗೆಯೋದಲ್ವಾ’ ಅಂದೆ. ಇಳಿಯುವಾಗ ಹೇಳಿ ಇಳಿಯುತ್ತಾ ಮಗಳೇ? ಅಂದಿನಿಂದ ಆಕಾಶ ನೋಡೀ ನೋಡೀ ನನ್ನ ಕತ್ತು ಹಿಡಿದಿದೆ.

ಹೋದ ವಾರದ್ದು ನಿನಗೆ ಹೇಳಿಲ್ಲ. ನಗಬೇಡ. ಬೆಳಗ್ಗೆ ನೋಡುತ್ತೇನೆ, ಸರಿಯಾಗಿ ನಮ್ಮ ಊರಿನ ಮೇಲೇ ಬೂದು, ದಟ್ಟವಾಗಿ. ಕಡ್ಡಿಯನ್ನು ಹೆಗಲಿಗೆ ಹಾಕಿಕೊಂಡು, ಒಂದು ಕಾಲಿಗೆ ಚಪ್ಪಲಿ ಇದೆ ಇನ್ನೊಂದಕ್ಕಿಲ್ಲ, ಬಸ್ಸು ಹತ್ತಿದೆ. ಕಂಡಕ್ಟರಿಗೆ ಫೋಟೋ ತೋರಿಸಿ ‘ಹೊಗೆ ಬರ್ತಿದೆ, ಬೇಗ ಹೊರಡಿಸಿ’ ಅಂದೆ. ಅವನು ಫೋನ್ ತಗೊಂಡು ತೋಳಿಗೆ ಉಜ್ಜಿದ. ಹೊಗೆ ಮಾಯ! ನನ್ನ ಹೆಬ್ಬೆರಳಿನ ಗಂಜಿ ಕಣಮ್ಮ. ಬಟ್ಟೆಗೆ ಗಂಜಿ ಹಾಕುತ್ತಿದ್ದ ಕೈಯಲ್ಲೇ ಫೋನ್ ಹಿಡಿದಿದ್ದೆ. ‘ಬೆಂಕಿ ಆರಿಸಿದೀನಿ ಯಜಮಾನ್ರೇ, ಇಳೀರಿ’ ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಿಮ್ಮಮ್ಮನಂತೂ ಈಗ ಒಲೆ ಮೇಲೆ ಹಾಲು ಸೀದರೂ ‘ನೋಡಿ, ನಿಮ್ಮ ಹೆಬ್ಬೆರಳಿನ ಹೊಗೆ’ ಅನ್ನುತ್ತಾಳೆ. ಅನ್ನಲಿ. ಅವತ್ತಿನಿಂದ ಕೈ ತೊಳೆದು, ಗಾಜು ಒರೆಸಿಯೇ ನೋಡುತ್ತೇನೆ. ನೀನು ಹೋಗುವಾಗ ಫೋಟೋದ ಬಲಗಡೆ ಮೂಲೆಯನ್ನು ಉಗುರಲ್ಲಿ ತೋರಿಸಿ ‘ನಾನು ಇಲ್ಲಿರ್ತೀನಿ’ ಅಂದಿದ್ದೆಯಲ್ಲ, ಕಡ್ಡಿ ದಿನಾ ಅಲ್ಲಿಗೊಂದು ಮುತ್ತು ಕೊಡುತ್ತಾಳೆ. ಅದನ್ನೂ ಒರೆಸಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಮ್ಮನೂ ನೆನೆಸಿಕೊಂಡಳು ಅಂತ ತಿಳಿ. ಎಲ್ಲಿದ್ದರೂ ತಣ್ಣಗಿರು.

ಸದಾ ನಿನ್ನದೇ ಯೋಚನೆಯ,
ಅಪ್ಪ

ತಾ.ಕ.: ವ್ಯಾನ್ ಹಾರ್ನ್ ಹೊಡೀತಿದೆ. ಬೆಳಗ್ಗೆ ಬರಬೇಕಿದ್ದ ಫೋಟೋ ಈಗ ಬಂತು. ನಮ್ಮ ಕಡೆ ತಿಳಿಯಾಗಿದೆ. ಬಲಗಡೆ ಮೂಲೆ ಕಾಣುತ್ತಲೇ ಇಲ್ಲ, ಪೂರ್ತಿ ಬೂದು. ಕಡ್ಡಿಯ ಮುತ್ತು ಅಂದುಕೊಂಡು ಒರೆಸಿದೆ. ಮತ್ತೆ ಒರೆಸಿದೆ. ನಿಮ್ಮಮ್ಮನೂ ಒರೆಸಿದಳು, ನಗಲಿಲ್ಲ. ಕೆಳಗೆ ‘ನಿಮಗೇನೂ ಭಯ ಇಲ್ಲ’ ಅಂತ ಬರೆದಿದ್ದೀಯ, ನಿನ್ನ ಬಗ್ಗೆ ಒಂದಕ್ಷರ ಇಲ್ಲ. ಅಲ್ಲಿ ಹೊಗೆ ಮೇಲಿದೆಯೋ, ಇಳಿದಿದೆಯೋ? ಫೋನ್ ಯಾಕೆ ಎತ್ತುತ್ತಿಲ್ಲ? ಉಸಿರಿಗೆ ಎಳೆದುಕೊಳ್ಳುವ ಪಂಪು ನಿನ್ನ ಹತ್ತಿರ ಇದೆಯೋ ಇಲ್ಲವೋ, ಅಂಗಡಿಯಿಂದ ಒಂದು ತರಿಸಿದ್ದೇನೆ. ಡ್ರೈವರ್ ಪಕ್ಕದ ಸೀಟು ಖಾಲಿ ಇದೆಯಂತೆ. ಈ ಕಾಗದ ನಾನೇ ತರುತ್ತಿದ್ದೇನೆ. ಬಾಗಿಲು ತೆಗೆದಿರು. ಅಲ್ಲ, ತೆಗೆಯಬೇಡ, ಎಲ್ಲಾ ಮುಚ್ಚಿಕೊಂಡು ಕೂತಿರು, ನಾನು ಬಂದು ತಟ್ಟಿದಾಗ ತೆಗೆ.