ಹಿಂದಿನ ದೀಪ

ಮೆಜಿಯಾನ್,

ನಿನ್ನ ಸೈಕಲ್ ತೆಗೆದುಕೊಂಡು ಹೋಗುತ್ತಿದ್ದೇನೆ. ಕೂಗಾಡಬೇಡ, ಅಮ್ಮ ಮಲಗಿದ್ದಾಳೆ. ಸೀಟು ಎರಡು ಬೆರಳು ಇಳಿಸಿದ್ದೇನೆ, ಬಂದಮೇಲೆ ಏರಿಸಿಕೊಡುತ್ತೇನೆ. ನಿನ್ನ ಗೆಳೆಯರ ಜೊತೆಗೇ, ನೀವು ಹೋಗುವ ಅದೇ ಕಡಲ ದಾರಿಯಲ್ಲಿ ಜಿಜೆಲ್ ಊರಿನವರೆಗೆ. ನಾಳೆ ಸಂಜೆ ವಾಪಸ್ಸು.

ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದೆ. ಎಣ್ಣೆಯಲ್ಲಿ ನೆನೆಸಿದ ಅಂಜೂರವನ್ನೆಲ್ಲ ನೀನೊಬ್ಬನೇ ಖಾಲಿ ಮಾಡಬೇಡ. ಊರುಗೋಲನ್ನು ಮಂಚದ ಕೆಳಗೆ ತಳ್ಳಿ ನಾಟಕ ಆಡದೆ ಬಾಗಿಲ ತನಕವಾದರೂ ನಡೆ. ದಾರಿಬದಿಯ ಬಂಡೆ ಮೇಲಿನ ಕೋತಿಗಳು ನಿನ್ನನ್ನು ಕೇಳಿದರೆ, ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾನೆ ಅನ್ನುತ್ತೇನೆ. ಸುರಂಗದಲ್ಲಿ ಮಾತ್ರ ಇಳಿದು ತಳ್ಳಿಕೊಂಡು ಹೋಗುತ್ತೇನೆ.

ಹಿಂದಿನ ದೀಪಕ್ಕೆ ಹೊಸ ಬ್ಯಾಟರಿ ಹಾಕಿದ್ದೇನೆ.

ಹೋದ ವರ್ಷ ಅದರ ಬ್ಯಾಟರಿ ತೆಗೆದವಳು ನಾನು. ಅಮ್ಮನ ರೇಡಿಯೋ ನಿಂತುಹೋಗಿತ್ತು, ಆಮೇಲೆ ವಾಪಸ್ಸು ಹಾಕಿದರಾಯಿತು ಅಂದುಕೊಂಡೆ, ಮರೆತೆ. ಸುರಂಗದೊಳಗೆ ಲಾರಿಯವನಿಗೆ ನೀನು ಕಾಣಲಿಲ್ಲ. "ದೀಪ ನೋಡ್ಕೊಳ್ಳದೇ ಹೋದ್ಯಲ್ಲೋ, ಕತ್ತೆ!" ಅಂತ ಅಪ್ಪ ಆಸ್ಪತ್ರೆಯಲ್ಲೇ ಬೈದಾಗ ನಾನು ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಾ ನಿಂತಿದ್ದೆ. "ಹೌದಪ್ಪಾ, ಮರ್ತುಬಿಟ್ಟೆ" ಅಂದೆ ನೀನು. ನೀನು ಮರೆತಿರಲಿಲ್ಲ.

ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದೆ ಯಾರೂ ಏಳುವ ಮೊದಲೇ ಹೊರಟಿದ್ದೇನೆ. ಹಾಗಾಗಿ, ಹೋದವರು ಮರಳಿ ಬರಲಿ ಅಂತ ಬೆನ್ನ ಹಿಂದೆ ನೀರು ಚೆಲ್ಲುವವರೂ ಇಲ್ಲ. ತಂಬಿಗೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಅಮ್ಮನ ಕೈಗೆ ಕೊಡಬೇಡ. ನಾನು ಬರಬೇಕು ಅನ್ನಿಸಿದರೆ ನೀನೇ ಚೆಲ್ಲು.

ವರ್ದಿಯಾ